ಅಪ್‌ಡೇಟ್ ಬಂತು, ಅರ್ಧ ದಾರಿಯಲ್ಲಿರುವ ಅರ್ಜಿಗಳ ಗತಿ ಏನು?

ಬಿಪಿಎಂ ಸಾಫ್ಟ್‌ವೇರ್‌ನ ಹೊಸ ವರ್ಷನ್ ಬಂತು ಅಂದ ಕೂಡಲೇ ಎಲ್ಲರೂ ನೋಡುವುದು ಪರದೆ ಹೇಗಿದೆ, ಎಐ ಎಲ್ಲಿ ಸೇರಿಸಿದ್ದಾರೆ, ಹಳೆ ಬಟನ್ ಎಲ್ಲಿಗೆ ಹೋಯಿತು ಅನ್ನುವುದನ್ನು. ನಾನು ರಿಲೀಸ್ ನೋಟ್ಸ್ ತೆರೆದು ಮೊದಲು ಹುಡುಕುವುದು ಒಂದೇ ವಿಷಯ. ಈಗಾಗಲೇ ಅರ್ಧ ದಾರಿಯಲ್ಲಿ ನಿಂತಿರುವ ಕೇಸ್‌ಗಳಿಗೆ ಇದರಿಂದ ಏನಾಗುತ್ತದೆ?

ಬೇರೆ ಸಾಫ್ಟ್‌ವೇರ್‌ಗೆ ಈ ತಲೆನೋವು ಇಷ್ಟಿಲ್ಲ. ಫೋಟೋ ತಿದ್ದುವ ಆ್ಯಪ್ ಅಪ್‌ಡೇಟ್ ಆದರೆ ಮುಚ್ಚಿ ತೆರೆದರೆ ಮುಗಿಯಿತು. ಬಿಪಿಎಂ, ಅಂದರೆ ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್, ಹಾಗಲ್ಲ. ಒಂದು ಕೆಲಸ ಯಾರಿಂದ ಯಾರಿಗೆ, ಯಾವ ಕ್ರಮದಲ್ಲಿ, ಯಾವ ಷರತ್ತಿನ ಮೇಲೆ ಹೋಗಬೇಕು ಅನ್ನುವುದನ್ನು ನಡೆಸುವುದೇ ಇದರ ಕೆಲಸ. ಅಲ್ಲಿ ಒಂದು ಸಾಲದ ಅರ್ಜಿ ಮೂರು ವಾರದಿಂದ ಮ್ಯಾನೇಜರ್ ಸಹಿಗೆ ಕಾಯುತ್ತಿರುತ್ತದೆ. ಇನ್ನೊಂದು ಅರ್ಜಿ, ಗ್ರಾಹಕ ಬಾಕಿ ದಾಖಲೆ ಕಳಿಸಲಿ ಅಂತ ಎರಡು ತಿಂಗಳಿಂದ ಕಾಯುತ್ತಿರುತ್ತದೆ. ಸರ್ವರ್ ನಿಲ್ಲಿಸಿ, ಹೊಸದು ಹಾಕಿ, ಮತ್ತೆ ಶುರು ಮಾಡಿದಾಗ ಈ ಎರಡೂ ನಿಂತ ಜಾಗದಿಂದಲೇ ಮುಂದೆ ಹೋಗಬೇಕು. ಹೊಸ ಫೀಚರ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇತ್ತೀಚಿನ ಅಪ್‌ಡೇಟ್‌ಗಳಲ್ಲಿ ಬಂದದ್ದನ್ನು ಇದೇ ಪ್ರಶ್ನೆ ಹಿಡಿದುಕೊಂಡು ನೋಡೋಣ. ಉದಾಹರಣೆಗೆ ಕಮುಂಡಾ ಅನ್ನುವ ಬಿಪಿಎಂ ಎಂಜಿನ್ ತೆಗೆದುಕೊಳ್ಳುತ್ತೇನೆ. ಎಂಜಿನ್ ಅಂದರೆ ಈ ಕೆಲಸಗಳನ್ನು ಒಂದೊಂದೇ ಹೆಜ್ಜೆ ಓಡಿಸುವ ಸಾಫ್ಟ್‌ವೇರ್. ಅದರ ಬಗ್ಗೆ ಬಹಿರಂಗವಾಗಿ ಸಿಗುವ ಮಾಹಿತಿ ಜಾಸ್ತಿ, ಮತ್ತೆ ಅದರ ಬದಲಾವಣೆಗಳೂ ದೊಡ್ಡವು. ಬೇರೆ ಎಂಜಿನ್ ಬಳಸುವವರಿಗೂ ತತ್ವ ಅದೇ.

ಮೊದಲು ಎಂಜಿನ್ ಒಳಗೆ ಏನು ನಡೆಯುತ್ತದೆ ಅಂತ ನೋಡಿ. ಸಾಲದ ಅರ್ಜಿಯ ಪ್ರೊಸೆಸ್ ಒಂದು ಚಿತ್ರ. ದಾಖಲೆ ಪರಿಶೀಲನೆ ಅನ್ನುವ ಒಂದು ಡಬ್ಬಿ, ಅಲ್ಲಿಂದ ಬಾಣ, ಕ್ರೆಡಿಟ್ ಸ್ಕೋರ್ ತರುವ ಡಬ್ಬಿ, ಆಮೇಲೆ ಒಂದು ವಜ್ರಾಕಾರದ ಗೇಟು. ಮೊತ್ತ ಕಡಿಮೆ ಇದ್ದರೆ ನೇರ ಹಣ ಕಳಿಸುವ ಡಬ್ಬಿಗೆ, ಜಾಸ್ತಿ ಇದ್ದರೆ ಮ್ಯಾನೇಜರ್ ಒಪ್ಪಿಗೆಗೆ. ಮ್ಯಾನೇಜರ್ ಡಬ್ಬಿಯ ಅಂಚಿನಲ್ಲಿ ಒಂದು ಗಡಿಯಾರ ಅಂಟಿಸಿದೆ. 2 ದಿನ ಆದರೂ ಸಹಿ ಬೀಳದಿದ್ದರೆ ನೆನಪಿಸುವ ಮೇಲ್ ಹೋಗುತ್ತದೆ. ಈ ಚಿತ್ರದ ಭಾಷೆಯೇ ಬಿಪಿಎಂಎನ್. ಇದರ ಮೊದಲ ರೂಪ ಬಂದದ್ದು 2004ರಲ್ಲಿ. 2011ರ ಜನವರಿಯಲ್ಲಿ ಬಂದ 2.0 ಆವೃತ್ತಿ ನಿಜವಾದ ತಿರುವು, ಯಾಕೆಂದರೆ ಅಲ್ಲಿಂದ ಚಿತ್ರದ ಹಿಂದೆ ಒಂದು ಎಕ್ಸ್‌ಎಂಎಲ್ ಫೈಲ್, ಅಂದರೆ ಕಂಪ್ಯೂಟರ್ ಓದಬಲ್ಲ ರೂಪ, ಬಂತು, ಆ ಫೈಲನ್ನು ಎಂಜಿನ್ ಹೇಗೆ ಓಡಿಸಬೇಕು ಅನ್ನುವ ನಿಯಮವೂ ಬಂತು. ಅಲ್ಲಿಯವರೆಗೆ ಗೋಡೆಗೆ ಅಂಟಿಸುವ ಚಿತ್ರ ಒಂದು, ಪ್ರೋಗ್ರಾಮರ್ ಬರೆಯುವ ಕೋಡ್ ಇನ್ನೊಂದು. 2013ರಲ್ಲಿ ಇದೇ ಐಎಸ್ಒ 19510 ಅನ್ನುವ ಅಂತಾರಾಷ್ಟ್ರೀಯ ಮಾನದಂಡವಾಯಿತು.

ಒಂದು ಅರ್ಜಿ ಬಂದಾಗ ಎಂಜಿನ್ ಚಿತ್ರದ ಮೇಲೆ ಒಂದು ಟೋಕನ್ ಇಡುತ್ತದೆ ಅಂದುಕೊಳ್ಳಿ, ಪಗಡೆ ಕಾಯಿಯ ಹಾಗೆ. ಕಾಯಿ ಡಬ್ಬಿಯಿಂದ ಡಬ್ಬಿಗೆ ಹೋಗುತ್ತದೆ. ಮನುಷ್ಯರು ಮಾಡಬೇಕಾದ ಕೆಲಸ ಬಂದರೆ, ಗಡಿಯಾರ ಬಂದರೆ, ಹೊರಗಿನಿಂದ ಮೆಸೇಜ್ ಬರಬೇಕಿದ್ದರೆ ಅಲ್ಲೇ ನಿಲ್ಲುತ್ತದೆ. ಈ ಕಲ್ಪನೆಯ ಬೇರು 1962ರಲ್ಲಿ ಕಾರ್ಲ್ ಆಡಂ ಪೆಟ್ರಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಕೊಟ್ಟ ಪೆಟ್ರಿ ನೆಟ್‌ನಲ್ಲಿದೆ. ಸಾವಿರ ಅರ್ಜಿ ಇದ್ದರೆ ಸಾವಿರ ಕಾಯಿ, ಒಂದೊಂದು ಒಂದೊಂದು ಜಾಗದಲ್ಲಿ. ಈ ಕಾಯಿಗಳು ಎಲ್ಲಿವೆ ಅನ್ನುವುದನ್ನು ಮರೆಯದೆ ನೆನಪಿಡುವುದೇ ಎಂಜಿನ್‌ನ ಕೆಲಸ. ಮಿಕ್ಕದ್ದೆಲ್ಲ ಅಲಂಕಾರ ಅಂದರೂ ತಪ್ಪಿಲ್ಲ.

ಈಗ ಚಿತ್ರ ಬದಲಿಸಿದಿರಿ ಅನ್ನಿ. ಹೊಸ ಚಿತ್ರ ಸರ್ವರ್‌ಗೆ ಹಾಕಿದರೆ ಎಂಜಿನ್ ಹಳೆಯದನ್ನು ಅಳಿಸುವುದಿಲ್ಲ. ಹಳೆಯದು ವರ್ಷನ್ 1, ಹೊಸದು ವರ್ಷನ್ 2. ಇನ್ನು ಮುಂದೆ ಬರುವ ಅರ್ಜಿ 2ರಲ್ಲಿ ಶುರು. ಈಗಾಗಲೇ ಓಡುತ್ತಿರುವುದು 1ರಲ್ಲೇ ಕೊನೆ ತನಕ. ಇದು ಒಳ್ಳೆಯ ನಿಯಮವೇ, ಆದರೆ ಇದನ್ನು ಮರೆತರೆ ಪೆಟ್ಟು ಬೀಳುತ್ತದೆ.

ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಗಡಿಯಾರಕ್ಕೆ ಎಷ್ಟು ಹೊತ್ತು ಅಂತ ಹೇಳುವುದು ಐಎಸ್ಒ 8601 ಅನ್ನುವ ಪದ್ಧತಿಯಲ್ಲಿ. ಅದರಲ್ಲಿ ‘ಪಿ1ಎಂ’ ಅಂದರೆ ಒಂದು ತಿಂಗಳು. ‘ಪಿಟಿ1ಎಂ’ ಅಂದರೆ ಒಂದು ನಿಮಿಷ. ಮಧ್ಯದ ಆ ‘ಟಿ’ ಸಮಯ ಶುರುವಾಯಿತು ಅನ್ನುವ ಗುರುತು. ತಿಂಗಳಿಗೊಮ್ಮೆ ನೆನಪಿಸು ಅಂತ ಬರೆಯಬೇಕಿದ್ದ ಕಡೆ ನಾನು ‘ಟಿ’ ಸೇರಿಸಿಬಿಟ್ಟೆ. ಪರೀಕ್ಷೆ ಮಾಡುವಾಗ ಯಾರಿಗೂ ಅನುಮಾನ ಬರಲಿಲ್ಲ, ಮೇಲ್ ಬೇಗ ಬಂತಲ್ಲ ಅಂತ ಖುಷಿಯೇ ಆಯಿತು. ಲೈವ್ ಹೋದ ಮೇಲೆ ನಿಮಿಷಕ್ಕೊಂದು ಮೇಲ್. ಅವಸರದಲ್ಲಿ ‘ಟಿ’ ತೆಗೆದು ಹೊಸ ಚಿತ್ರ ಹಾಕಿದೆ. ಮೇಲ್ ನಿಲ್ಲಲಿಲ್ಲ! ಹೇಗೆ ನಿಲ್ಲುತ್ತದೆ? ಮೇಲ್ ಕಳಿಸುತ್ತಿದ್ದ ಕೇಸ್‌ಗಳೆಲ್ಲ ವರ್ಷನ್ 1ರಲ್ಲಿ ಕೂತಿದ್ದವು, ನಾನು ಸರಿ ಮಾಡಿದ್ದು ವರ್ಷನ್ 2ನ್ನು. ತಪ್ಪು ಕಂಡ ಕೂಡಲೇ ಮೊದಲು ಹಳೆ ವರ್ಷನ್‌ನ ಕೇಸ್‌ಗಳನ್ನು ಸಸ್ಪೆಂಡ್ ಮಾಡಬೇಕು, ಚಿತ್ರ ತಿದ್ದುವುದು ಆಮೇಲೆ ಅನ್ನುವುದು ಅವತ್ತು ಗೊತ್ತಾಯಿತು.

‘ಹಳೆಯದು ಹಳೆ ವರ್ಷನ್‌ನಲ್ಲೇ’ ಅನ್ನುವ ನಿಯಮಕ್ಕೂ ಒಂದು ತೂತು ಇದೆ. ನಿಮ್ಮ ಚಿತ್ರ ಬೇರೆ ಚಿತ್ರವನ್ನು ಕರೆಯಬಹುದು, ಇಲ್ಲವೇ ಒಂದು ನಿರ್ಧಾರದ ಕೋಷ್ಟಕವನ್ನು ಕರೆಯಬಹುದು. ಕೋಷ್ಟಕ ಅಂದರೆ ಆದಾಯ ಇಷ್ಟಿದ್ದು ಸ್ಕೋರ್ ಇಷ್ಟಿದ್ದರೆ ಸಾಲ ಕೊಡು ಅನ್ನುವಂಥ ಸಾಲುಗಳು. ಇದಕ್ಕೆ ಡಿಎಂಎನ್ ಅನ್ನುವ ಬೇರೆ ಮಾನದಂಡವೇ ಇದೆ, 2015ರಿಂದ. ಕೋಷ್ಟಕವನ್ನು ಕರೆಯುವಾಗ ಯಾವ ವರ್ಷನ್ ಅಂತ ನೀವು ಹೇಳದಿದ್ದರೆ ಎಂಜಿನ್ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಹೊಸದನ್ನು. ಅಂದರೆ ಅರ್ಜಿ ಹಳೆ ಚಿತ್ರದಲ್ಲೇ ಸಾಗುತ್ತಿರುತ್ತದೆ, ಆದರೆ ಅದರ ತೀರ್ಪು ನಿನ್ನೆ ಬದಲಾದ ನಿಯಮದಲ್ಲಿ ಬರುತ್ತದೆ. ಕೆಲವು ಸಲ ಅದೇ ಬೇಕು. ಕೆಲವು ಸಲ ಅರ್ಜಿ ಕೊಟ್ಟ ದಿನದ ನಿಯಮವೇ ಅನ್ವಯಿಸಬೇಕು ಅಂತ ಕಾನೂನೇ ಹೇಳುತ್ತದೆ. ಕಮುಂಡಾ 8.6ರಲ್ಲಿ ಇದಕ್ಕೆ ಆಯ್ಕೆ ಬಂತು. ಚಿತ್ರದ ಜೊತೆಗೇ ಹಾಕಿದ ಕೋಷ್ಟಕವನ್ನೇ ಹಿಡಿದುಕೊ ಅಂತ ಹೇಳಬಹುದು, ಇಲ್ಲವೇ ವರ್ಷನ್‌ಗೆ ಒಂದು ಹೆಸರು ಕೊಟ್ಟು ಆ ಹೆಸರಿನದೇ ಬೇಕು ಅನ್ನಬಹುದು. ರಿಲೀಸ್ ನೋಟ್ಸ್‌ನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ವಿಷಯ ಇದು. ನನ್ನ ಪ್ರಕಾರ ಇಡೀ ಆವೃತ್ತಿಯಲ್ಲಿ ಇದಕ್ಕಿಂತ ಉಪಯೋಗದ್ದು ಕಡಿಮೆ.

ಸರಿ, ಹಳೆ ಅರ್ಜಿಗಳನ್ನೂ ಹೊಸ ಚಿತ್ರಕ್ಕೆ ತರಲೇಬೇಕು ಅಂದರೆ? ಅದಕ್ಕೆ ಮೈಗ್ರೇಶನ್. ಕಮುಂಡಾ 7ರಲ್ಲಿ ಇದು 2016ರಲ್ಲಿ, 7.5 ಆವೃತ್ತಿಯಲ್ಲಿ ಬಂತು. ಹೊಸ ಎಂಜಿನ್ ಆದ 8ಕ್ಕೆ ಆಮೇಲೆ ಹಂತ ಹಂತವಾಗಿ ಸೇರಿತು. ಕೆಲಸ ಕೇಳುವುದಕ್ಕೆ ಸುಲಭ. ಹಳೆ ಚಿತ್ರದ ಈ ಡಬ್ಬಿಯಲ್ಲಿರುವ ಕಾಯಿಯನ್ನು ಹೊಸ ಚಿತ್ರದ ಆ ಡಬ್ಬಿಗೆ ಇಡು ಅಂತ ಜೋಡಿ ಹೇಳಿಕೊಡಬೇಕು. ಹೆಚ್ಚಿನ ಜೋಡಿಗಳನ್ನು ಅದೇ ಊಹಿಸುತ್ತದೆ.

ಹೇಗೆ ಊಹಿಸುತ್ತದೆ ಅನ್ನುವುದರಲ್ಲೇ ಮೊದಲ ಗುಂಡಿ. ಅದು ನೋಡುವುದು ಡಬ್ಬಿಯ ಮೇಲೆ ಬರೆದ ಹೆಸರನ್ನಲ್ಲ, ಒಳಗಿನ ಐಡಿಯನ್ನು. ಚಿತ್ರ ಬರೆಯುವ ಸಾಧನವಾದ ಮಾಡೆಲರ್‌ನಲ್ಲಿ ಹೊಸ ಡಬ್ಬಿ ಎಳೆದಾಗ ಅದಕ್ಕೆ ಅಕ್ಷರ, ಅಂಕಿ ಬೆರೆಸಿದ ಒಂದು ಐಡಿ ತಾನಾಗಿ ಬರುತ್ತದೆ. ಯಾರೋ ಚಿತ್ರ ಚೊಕ್ಕ ಮಾಡುವಾಗ ‘ಮ್ಯಾನೇಜರ್ ಒಪ್ಪಿಗೆ’ ಡಬ್ಬಿ ಅಳಿಸಿ, ಪಕ್ಕದಲ್ಲಿ ಹೊಸದಾಗಿ ಎಳೆದು, ಅದೇ ಹೆಸರು ಬರೆದರು ಅನ್ನಿ. ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಐಡಿ ಮಾತ್ರ ಬೇರೆ. ಮೈಗ್ರೇಶನ್ ಹೊತ್ತಿಗೆ ಎಂಜಿನ್‌ಗೆ ಆ ಡಬ್ಬಿ ಸಿಗುವುದೇ ಇಲ್ಲ. ಅದಕ್ಕೇ ಡಬ್ಬಿ ಎಳೆದ ತಕ್ಷಣ ಐಡಿಗೆ ಅರ್ಥವಿರುವ ಹೆಸರು ಕೊಡಿ, ಆಮೇಲೆ ಅದನ್ನು ಮುಟ್ಟಬೇಡಿ ಅಂತ ಎಲ್ಲರೂ ಬಡಕೊಳ್ಳುವುದು.

ಎರಡನೆಯದು ಗಡಿಯಾರ. ಹೊಸ ಚಿತ್ರದಲ್ಲಿ 2 ದಿನವನ್ನು 5 ದಿನ ಮಾಡಿದ್ದೀರಿ. ಕಮುಂಡಾ 7ರಲ್ಲಿ ಸುಮ್ನೆ ಮೈಗ್ರೇಟ್ ಮಾಡಿದರೆ, ಹಳೆ ಕೇಸ್‌ನಲ್ಲಿ ಆಗಲೇ ಓಡುತ್ತಿದ್ದ ಗಡಿಯಾರ ಅದೇ ಹಳೆ ಹೊತ್ತಿಗೆ ಹೊಡೆಯುತ್ತದೆ. ಹೊಸ ಲೆಕ್ಕ ಹಿಡಿ ಅಂತ ಬೇರೆಯಾಗಿ ಹೇಳಬೇಕು.

ಮೂರನೆಯದೇ ನಿಜವಾಗಿ ಹೆದರಿಸುವುದು, ಯಾಕೆಂದರೆ ಅಲ್ಲಿ ಯಾವ ಎರರ್ ಕೂಡ ಬರುವುದಿಲ್ಲ. ಹೊಸ ಚಿತ್ರದಲ್ಲಿ ಕ್ರೆಡಿಟ್ ಸ್ಕೋರ್ ಮತ್ತು ಮ್ಯಾನೇಜರ್ ಮಧ್ಯೆ ‘ವಂಚನೆ ತಪಾಸಣೆ’ ಅನ್ನುವ ಡಬ್ಬಿ ಸೇರಿಸಿದ್ದೀರಿ. ಇನ್ನು ಮೇಲೆ ದೊಡ್ಡ ಸಾಲ ಯಾವುದೂ ಇದನ್ನು ದಾಟದೆ ಹೋಗಬಾರದು ಅಂತ ಉದ್ದೇಶ. ದಾಖಲೆ ಪರಿಶೀಲನೆಯಲ್ಲಿರುವ ಅರ್ಜಿಗಳು ಮೈಗ್ರೇಟ್ ಆಗಿ, ಮುಂದೆ ಸಾಗುತ್ತಾ ತಪಾಸಣೆಗೂ ಬರುತ್ತವೆ. ಆದರೆ ಆಗಲೇ ಮ್ಯಾನೇಜರ್ ಮುಂದೆ ಇರುವ ಅರ್ಜಿ? ಅದೂ ಮೈಗ್ರೇಟ್ ಆಗುತ್ತದೆ, ಹಸಿರು ಗುರುತು ಬರುತ್ತದೆ, ಮತ್ತು ತಪಾಸಣೆ ಆಗದೆಯೇ ಹಣ ಹೋಗುತ್ತದೆ. ಎಂಜಿನ್ ದೃಷ್ಟಿಯಲ್ಲಿ ಮ್ಯಾನೇಜರ್ ಡಬ್ಬಿಯಿಂದ ಮ್ಯಾನೇಜರ್ ಡಬ್ಬಿಗೆ ಕಾಯಿ ಇಟ್ಟದ್ದು ಪೂರ್ತಿ ಸರಿ. ಕೇಸ್ ವರ್ಷನ್ 2ರಲ್ಲಿದೆ ಅಂತ ವರದಿಯೂ ಹೇಳುತ್ತದೆ. ಆರು ತಿಂಗಳು ಬಿಟ್ಟು ಲೆಕ್ಕ ಪರಿಶೋಧಕರು ಬಂದು, ವರ್ಷನ್ 2ರ ಕೇಸ್‌ನಲ್ಲಿ ತಪಾಸಣೆಯ ದಾಖಲೆಯೇ ಇಲ್ಲವಲ್ಲ ಅಂತ ಕೇಳಿದಾಗ ಉತ್ತರ ಹುಡುಕುವುದು ಕಷ್ಟ.

ಇದಕ್ಕೆ ಮದ್ದು ಮಾಡಿಫಿಕೇಶನ್ ಅನ್ನುವ ಇನ್ನೊಂದು ಫೀಚರ್. ಇದು ವರ್ಷನ್ ಬದಲಿಸುವುದಿಲ್ಲ, ಕಾಯಿಯನ್ನೇ ಕೈಯಿಂದ ಎತ್ತಿ ಬೇರೆ ಡಬ್ಬಿಗೆ ಇಡುತ್ತದೆ. ಮೊದಲು ಮೈಗ್ರೇಟ್ ಮಾಡಿ, ಆಮೇಲೆ ಮ್ಯಾನೇಜರ್ ಡಬ್ಬಿಯ ಕಾಯಿ ತೆಗೆದು, ತಪಾಸಣೆ ಡಬ್ಬಿಯಲ್ಲಿ ಹೊಸದಾಗಿ ಇಡಬೇಕು. ಕಮುಂಡಾ 8ರಲ್ಲಿ ಇದನ್ನು ಆಪರೇಟ್ ಅನ್ನುವ ಪರದೆಯಲ್ಲಿ ಚಿತ್ರದ ಮೇಲೆ ಕ್ಲಿಕ್ ಮಾಡಿಯೇ ಮಾಡಬಹುದು. ಒಂದು ಎಚ್ಚರ: ಮೈಗ್ರೇಶನ್‌ನಲ್ಲಿ ಕೆಲಸ ಯಾರ ಹೆಸರಲ್ಲಿ ಇತ್ತೋ ಅವರ ಹೆಸರಲ್ಲೇ ಉಳಿಯುತ್ತದೆ, ಮಾಡಿಫಿಕೇಶನ್‌ನಲ್ಲಿ ಹಳೆ ಕೆಲಸ ರದ್ದಾಗಿ ಹೊಸದು ಹುಟ್ಟುತ್ತದೆ. ಮ್ಯಾನೇಜರ್ ಪಟ್ಟಿಯಿಂದ ಒಂದು ಅರ್ಜಿ ಹೇಳದೆ ಕೇಳದೆ ಮಾಯವಾದರೆ ಅವರು ಫೋನ್ ಮಾಡುವುದು ನಿಮಗೇ. ಮೊದಲೇ ತಿಳಿಸಿಬಿಡಿ.

ಇಷ್ಟು ಹೊತ್ತು ಹೇಳಿದ್ದು ಚಿತ್ರ ಬದಲಾದಾಗಿನ ಕಥೆ. ಎಂಜಿನ್ನೇ ಬದಲಾದರೆ? ಅದಕ್ಕೆ ಸ್ವಲ್ಪ ವಂಶಾವಳಿ ಬೇಕು. ಜೆಬಿಪಿಎಂ ಅನ್ನುವ ಹಳೆ ಎಂಜಿನ್ ಕಟ್ಟಿದವರಲ್ಲಿ ಕೆಲವರು ಹೊರಬಂದು 2010ರಲ್ಲಿ ಆಕ್ಟಿವಿಟಿ ಅನ್ನುವ ಎಂಜಿನ್ ಶುರು ಮಾಡಿದರು. ಅದರಿಂದ ಕವಲೊಡೆದು 2013ರಲ್ಲಿ ಕಮುಂಡಾ, 2016ರಲ್ಲಿ ಫ್ಲೋವಬಲ್. ಹಾಗಾಗಿ ಇವೆಲ್ಲದರ ಒಳ ಮನೆ ಒಂದೇ ಥರ. ಒಂದು ಡೇಟಾಬೇಸ್, ಅದರಲ್ಲಿ ಓಡುತ್ತಿರುವ ಕಾಯಿಗಳಿಗೆ ಒಂದಷ್ಟು ಟೇಬಲ್, ಮುಗಿದ ಇತಿಹಾಸಕ್ಕೆ ಒಂದಷ್ಟು ಟೇಬಲ್. ಕಮುಂಡಾದವರು 2022ರ ಏಪ್ರಿಲ್‌ನಲ್ಲಿ 8ನ್ನು ಬಿಟ್ಟಾಗ ಈ ಮನೆಯನ್ನೇ ಕೆಡವಿ ಬೇರೆ ಕಟ್ಟಿದರು. ಹೊಸ ಎಂಜಿನ್ ಹೆಸರು ಝೀಬಿ. ಇದು ನಡೆದದ್ದನ್ನೆಲ್ಲ ಒಂದರ ಕೆಳಗೊಂದು ಬರೆಯುತ್ತಾ ಹೋಗುವ ಲಾಗ್ ಇಟ್ಟುಕೊಳ್ಳುತ್ತದೆ. ಲಾಗನ್ನು ಹಲವು ಪಾಲು ಮಾಡಿ ಹಲವು ಯಂತ್ರಗಳಲ್ಲಿ ಇಡುತ್ತದೆ. ಪ್ರತಿ ಪಾಲಿಗೂ ನಕಲು ಇರುತ್ತದೆ, ನಕಲುಗಳ ಮಧ್ಯೆ ಒಮ್ಮತ ತರುವುದು ರಾಫ್ಟ್ ಅನ್ನುವ ಪದ್ಧತಿ. ಒಂದು ಯಂತ್ರ ಬಿದ್ದರೂ ಇನ್ನೊಂದು ಹೊರುತ್ತದೆ, ಭಾರ ಜಾಸ್ತಿ ಆಗುತ್ತದೆ ಅಂತ ಗೊತ್ತಿದ್ದರೆ ಪಾಲುಗಳನ್ನೂ ಯಂತ್ರಗಳನ್ನೂ ಹೆಚ್ಚಿಸಬಹುದು.

ಆದ್ದರಿಂದ 7ರಿಂದ 8ಕ್ಕೆ ಹೋಗುವುದು ಅಪ್‌ಡೇಟ್ ಅಲ್ಲ, ಮನೆ ಬದಲಿಸುವುದು. ಓಡುತ್ತಿರುವ ಕೇಸ್‌ಗಳು ತಾವಾಗಿ ಆ ಕಡೆ ಹೋಗುವುದಿಲ್ಲ. ಹೆಚ್ಚಿನವರು ಮಾಡುವುದೇನೆಂದರೆ, ಹೊಸ ಅರ್ಜಿ ಹೊಸ ಎಂಜಿನ್‌ನಲ್ಲಿ ಶುರು ಮಾಡಿ, ಹಳೆಯದನ್ನು ಹಳೆ ಎಂಜಿನ್‌ನಲ್ಲೇ ಮುಗಿಯಲು ಬಿಡುವುದು. ಎರಡು ವಾರದಲ್ಲಿ ಮುಗಿಯುವ ಪ್ರೊಸೆಸ್‌ಗೆ ಇದು ಸಾಕು. ವರ್ಷಗಟ್ಟಲೆ ಓಡುವ ವಿಮೆ ಕ್ಲೇಮ್‌ಗೆ ಸಾಕಾಗುವುದಿಲ್ಲ. ಅಲ್ಲಿ ಎರಡು ಮನೆಗೂ ಬಾಡಿಗೆ ಕಟ್ಟುತ್ತಾ ಕೂರಬೇಕು.

ಮನೆ ಬದಲಾದಾಗ ಕೋಡ್ ಬರೆಯುವ ರೀತಿಯೂ ಬದಲಾಗುತ್ತದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆ ಎಂಜಿನ್‌ನಲ್ಲಿ ‘ಹಣ ಕಳಿಸು’ ಅನ್ನುವ ಡಬ್ಬಿಯ ಜಾವಾ ಕೋಡ್ ಎಂಜಿನ್ ಪಕ್ಕದಲ್ಲೇ, ಅದೇ ಟ್ರಾನ್ಸಾಕ್ಷನ್ ಒಳಗೇ ಓಡಬಹುದಿತ್ತು. ಮಧ್ಯದಲ್ಲಿ ಏನಾದರೂ ಕೆಟ್ಟರೆ ಡೇಟಾಬೇಸ್ ಹಿಂದಕ್ಕೆ ಹೋಗಿ, ಕಾಯಿ ಕೊನೆಯದಾಗಿ ನಿಂತಿದ್ದ ಜಾಗಕ್ಕೆ ವಾಪಸ್. ಹೊಸದರಲ್ಲಿ ಕೋಡ್ ದೂರದಲ್ಲಿ ಬೇರೆ ಪ್ರೋಗ್ರಾಂ ಆಗಿ ಕೂತಿರುತ್ತದೆ, ಅದಕ್ಕೆ ಜಾಬ್ ವರ್ಕರ್ ಅಂತಾರೆ. ಅದು ಎಂಜಿನ್ ಹತ್ತಿರ ಕೆಲಸ ಕೇಳಿ ಪಡೆಯುತ್ತದೆ, ಮಾಡಿ, ಆಯಿತು ಅಂತ ಹೇಳುತ್ತದೆ. ಇಷ್ಟು ಹೊತ್ತಲ್ಲಿ ಉತ್ತರ ಬರದಿದ್ದರೆ ಎಂಜಿನ್ ಅದೇ ಕೆಲಸವನ್ನು ಇನ್ನೊಬ್ಬ ವರ್ಕರ್‌ಗೆ ಕೊಡುತ್ತದೆ. ಈಗ ನೋಡಿ, ಮೊದಲ ವರ್ಕರ್ ಹಣ ಕಳಿಸಿದೆ, ಆಯಿತು ಅಂತ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಎರಡನೆಯದು ಮತ್ತೆ ಹಣ ಕಳಿಸುತ್ತದೆ. ಗ್ರಾಹಕರು ಖುಷಿಯಾಗಬಹುದು, ಲೆಕ್ಕದವರು ಆಗುವುದಿಲ್ಲ.

ಎಂಜಿನ್ ಕೊಡುವ ಭರವಸೆ ‘ಒಂದು ಸಲವಾದರೂ ಆಗುತ್ತದೆ’ ಅನ್ನುವುದು. ‘ಒಂದೇ ಸಲ ಆಗುತ್ತದೆ’ ಅನ್ನುವುದಲ್ಲ. ಹಾಗಾಗಿ ವರ್ಕರ್ ಕೋಡ್‌ನಲ್ಲಿ ಪ್ರತಿ ಪಾವತಿಗೂ ಬದಲಾಗದ ಒಂದು ಸಂಖ್ಯೆ ಕಟ್ಟಿ, ಈ ಸಂಖ್ಯೆಯ ಪಾವತಿ ಆಗಲೇ ಆಗಿದ್ದರೆ ಮತ್ತೆ ಮಾಡಬೇಡ ಅಂತ ಪಾವತಿ ಮಾಡುವ ಕಡೆ ನೋಡಿಕೊಳ್ಳಬೇಕು. ಹಳೆ ಎಂಜಿನ್ ಇದ್ದಾಗ ಈ ಚಿಂತೆ ಇರಲಿಲ್ಲ ಅಂತ ಹೇಳುವವರಿದ್ದಾರೆ. ಇತ್ತು, ಕಾಣುತ್ತಿರಲಿಲ್ಲ ಅಷ್ಟೇ. ಡೇಟಾಬೇಸ್ ಹಿಂದಕ್ಕೆ ಹೋದರೂ ಹೋದ ಮೇಲ್ ವಾಪಸ್ ಬರುತ್ತಿರಲಿಲ್ಲ, ಮರುಪ್ರಯತ್ನದಲ್ಲಿ ಎರಡನೇ ಮೇಲ್ ಹೋಗೇ ಹೋಗುತ್ತಿತ್ತು.

ಆದದ್ದನ್ನು ರದ್ದು ಮಾಡಬೇಕಾದರೂ ಅಷ್ಟೇ, ಡೇಟಾಬೇಸ್ ಹಿಂದಕ್ಕೆ ಹೋಗುವುದನ್ನು ನಂಬಿಕೊಳ್ಳುವಂತಿಲ್ಲ. ಪ್ರತಿ ಹೆಜ್ಜೆಗೂ ಅದರ ಉಲ್ಟಾ ಹೆಜ್ಜೆ ಬರೆದಿಡಬೇಕು. ಹಣ ಹಿಡಿದಿಟ್ಟರೆ, ಹಿಡಿದದ್ದನ್ನು ಬಿಡುವ ಹೆಜ್ಜೆ. ಇದು ಹೊಸ ವಿಚಾರ ಏನಲ್ಲ. 1987ರಲ್ಲೇ ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ ಇದನ್ನು ಸಾಗಾ ಅನ್ನುವ ಹೆಸರಲ್ಲಿ ವಿವರಿಸಿದ್ದರು. ಬಿಪಿಎಂಎನ್ ಚಿತ್ರದಲ್ಲಿ ಇದಕ್ಕೆ ಹಿಂದಕ್ಕೆ ತಿರುಗಿದ ಎರಡು ತ್ರಿಕೋನದ ಗುರುತಿದೆ, ಟೇಪ್ ರೆಕಾರ್ಡರ್‌ನ ರಿವೈಂಡ್ ಬಟನ್ ಹಾಗೆ. ಝೀಬಿಗೆ ಇದು ಬಂದದ್ದು ತಡವಾಗಿ, ಹಾಗಾಗಿ ಮೊದಲ ಆವೃತ್ತಿಗಳಲ್ಲಿ ಪ್ರೊಸೆಸ್ ಬರೆದವರು ಉಲ್ಟಾ ಹೆಜ್ಜೆಗಳನ್ನು ಮಾಮೂಲಿ ಬಾಣಗಳಲ್ಲೇ ಎಳೆದುಕೊಂಡಿರುತ್ತಾರೆ. ಹೊಸ ಫೀಚರ್ ಬಂತು ಅಂತ ಅದನ್ನೆಲ್ಲ ಈಗಲೇ ಕಿತ್ತು ಬರೆಯುವ ಅಗತ್ಯ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಬಂದ 8.8ರ ದೊಡ್ಡ ಸುದ್ದಿ, ಬೇರೆ ಬೇರೆ ಇದ್ದ ಎಂಜಿನ್, ಆಪರೇಟ್, ಜನರ ಕೆಲಸದ ಪಟ್ಟಿ ತೋರಿಸುವ ಟಾಸ್ಕ್‌ಲಿಸ್ಟ್ ಎಲ್ಲವನ್ನೂ ಒಂದೇ ಕ್ಲಸ್ಟರ್ ಆಗಿ ಕೂಡಿಸಿ, ಒಂದೇ ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳು ಇದರ ಜೊತೆ ಮಾತಾಡುವ ಬಾಗಿಲು, ಕೊಟ್ಟದ್ದು. ಹಿಂದೆ ಒಂದೊಂದಕ್ಕೂ ಒಂದೊಂದು ಎಪಿಐ ಇತ್ತು. ನಡೆಸುವವರಿಗೆ ಇದು ನಿಜಕ್ಕೂ ನೆಮ್ಮದಿ. ನಮ್ಮ ಪ್ರಶ್ನೆ ಕೇಳಿದರೆ ಮಾತ್ರ ಇಲ್ಲೂ ಒಂದು ಮುಳ್ಳಿದೆ. ಮನುಷ್ಯರು ಮಾಡುವ ಕೆಲಸದ ಡಬ್ಬಿ ಈಗ ಎರಡು ಬಗೆ, ಹಳೆಯದು ಮತ್ತು ಹೊಸದು. ಚಿತ್ರದಲ್ಲಿ ಎರಡಕ್ಕೂ ಅದೇ ತಲೆ ಭುಜದ ಗುರುತು. ವ್ಯತ್ಯಾಸ ಇರುವುದು ಎಕ್ಸ್‌ಎಂಎಲ್‌ನ ಒಂದು ಸಾಲಿನಲ್ಲಿ. ಹೊಸ ಎಪಿಐ ಇರುವುದು ಹೊಸ ಬಗೆಗೆ. ಹಳೆ ಬಗೆಯಲ್ಲಿ ನಿಂತಿರುವ ಕೆಲಸಗಳು ಎಷ್ಟಿವೆ ಅಂತ ಎಣಿಸದೆ ಹೊಸ ಪರದೆಗೆ ಹೋದರೆ, ಸೋಮವಾರ ಬೆಳಿಗ್ಗೆ ಯಾರದೋ ಪಟ್ಟಿ ಖಾಲಿ ಕಾಣುತ್ತದೆ.

ಇತಿಹಾಸ ಅಳಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. ಕಮುಂಡಾ 7.20ರಿಂದ, ಅಂದರೆ 2023ರ ಅಕ್ಟೋಬರ್‌ನಿಂದ, ಮುಗಿದ ಕೇಸ್‌ನ ದಾಖಲೆ ಎಷ್ಟು ದಿನ ಇಡಬೇಕು ಅಂತ ಚಿತ್ರದಲ್ಲಿ ಬರೆಯದಿದ್ದರೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಂಜಿನ್ ಆ ಚಿತ್ರವನ್ನು ಒಪ್ಪುವುದೇ ಇಲ್ಲ. ಅಪ್‌ಡೇಟ್ ಮಾಡಿದ ಮರುದಿನ, ನಿನ್ನೆ ತನಕ ಹೋಗುತ್ತಿದ್ದ ಚಿತ್ರ ಇವತ್ತು ಯಾಕೆ ಹೋಗುತ್ತಿಲ್ಲ ಅಂತ ತಲೆ ಕೆರೆದುಕೊಂಡವರು ಕಡಿಮೆ ಇಲ್ಲ. ಉದ್ದೇಶ ಒಳ್ಳೆಯದು, ಅಳಿಸದೆ ಬಿಟ್ಟ ಇತಿಹಾಸದ ಟೇಬಲ್‌ಗಳೇ ಡೇಟಾಬೇಸ್ ತುಂಬಿಸಿ ನಿಧಾನ ಮಾಡುವುದು. ತೊಂದರೆ ಏನೆಂದರೆ ಮಾಡೆಲರ್ ಹೊಸ ಚಿತ್ರಗಳಿಗೆ ತಾನೇ 180 ದಿನ ಅಂತ ಹಾಕಿಬಿಡುತ್ತದೆ, ಎಲ್ಲರೂ ಅದನ್ನೇ ಒಪ್ಪಿಕೊಳ್ಳುತ್ತಾರೆ. ನಿಮ್ಮ ದಾಖಲೆ ಏಳು ವರ್ಷ ಇರಬೇಕೋ, ಏಳು ವಾರಕ್ಕೇ ಅಳಿಸಬೇಕೋ, ಅದನ್ನು ಮಾಡೆಲರ್ ಹೇಗೆ ಹೇಳುತ್ತದೆ? ಸಮಾಧಾನದ ಸಂಗತಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಲೆಕ್ಕ ಶುರುವಾಗುವುದು ಕೇಸ್ ಮುಗಿದ ಮೇಲೆ. ಅರ್ಧ ದಾರಿಯಲ್ಲಿರುವುದಕ್ಕೆ ಇದು ತಾಗುವುದಿಲ್ಲ.

ಇನ್ನು ಎಐ. ಇದರ ಬಗ್ಗೆ ಗದ್ದಲ ಜಾಸ್ತಿ, ಆದರೆ ಒಳಗಿನ ಕಟ್ಟಡ ನೋಡಿದರೆ ಯೋಚನೆ ಮಾಡಿಯೇ ಕಟ್ಟಿದ್ದಾರೆ ಅನಿಸುತ್ತದೆ. ಬಿಪಿಎಂಎನ್‌ನಲ್ಲಿ ಮೊದಲಿಂದಲೂ ಅಡ್‌ಹಾಕ್ ಸಬ್‌ಪ್ರೊಸೆಸ್ ಅಂತ ಒಂದು ಗುರುತಿತ್ತು, ಡಬ್ಬಿಯ ಕೆಳಗೆ ಅಲೆಯಂಥ ಸಣ್ಣ ಗೆರೆ. ಅದರೊಳಗಿನ ಡಬ್ಬಿಗಳ ಮಧ್ಯೆ ಬಾಣ ಇರಲೇಬೇಕು ಅಂತಿಲ್ಲ. ಯಾವುದನ್ನು, ಯಾವ ಕ್ರಮದಲ್ಲಿ, ಎಷ್ಟು ಸಲ ಅನ್ನುವುದು ಆ ಹೊತ್ತಿಗೆ ತೀರ್ಮಾನ. ಹೆಚ್ಚಿನ ಎಂಜಿನ್‌ಗಳು ಇದನ್ನು ಮೂಲೆಗೆ ತಳ್ಳಿದ್ದವು. ಕಮುಂಡಾ 2025ರ ಏಪ್ರಿಲ್‌ನ 8.7ರಲ್ಲಿ ಇದನ್ನು ತಂದು, ಮುಂದಿನ ಆವೃತ್ತಿಯಲ್ಲಿ ಎಐ ಏಜೆಂಟ್‌ಗೆ ಅದನ್ನೇ ಅಂಗಳ ಮಾಡಿಕೊಟ್ಟಿತು. ಅಂಗಳದೊಳಗೆ ‘ಗ್ರಾಹಕರ ಹಳೆ ವ್ಯವಹಾರ ನೋಡು’, ‘ದಾಖಲೆ ಓದು’, ‘ಮನುಷ್ಯರನ್ನು ಕೇಳು’ ಅನ್ನುವ ಡಬ್ಬಿಗಳು. ಯಾವುದನ್ನು ಬಳಸಬೇಕು ಅಂತ ಏಜೆಂಟ್ ಆರಿಸುತ್ತದೆ, ಎಂಜಿನ್ ಓಡಿಸುತ್ತದೆ, ಉತ್ತರ ಏಜೆಂಟ್‌ಗೆ ವಾಪಸ್, ಮತ್ತೆ ಆಯ್ಕೆ. ‘ಹಣ ಕಳಿಸು’ ಡಬ್ಬಿ ಅಂಗಳದ ಹೊರಗೆ, ಮ್ಯಾನೇಜರ್ ಒಪ್ಪಿಗೆಯ ಆಚೆ ಇದ್ದರೆ ಏಜೆಂಟ್ ಎಷ್ಟೇ ಹಾರಾಡಿದರೂ ಅದನ್ನು ಮುಟ್ಟುವ ಹಾಗಿಲ್ಲ. ನನಗೆ ಹಿಡಿಸಿದ್ದು ಇದೇ. ಬೇಲಿ ಚಿತ್ರದಲ್ಲೇ ಕಾಣುತ್ತದೆ.

ಒಂದು ತಮಾಷೆ ಏನೆಂದರೆ, ಯಾವ ಡಬ್ಬಿ ಏನು ಮಾಡುತ್ತದೆ ಅಂತ ಏಜೆಂಟ್ ತಿಳಿದುಕೊಳ್ಳುವುದು ಡಬ್ಬಿಯ ವಿವರಣೆ ಬರೆಯುವ ಖಾನೆಯಿಂದ. ಇಷ್ಟು ವರ್ಷ ಯಾರೂ ತುಂಬದ, ತುಂಬಿದರೂ ಯಾರೂ ಓದದ ಖಾನೆ ಅದು. ಈಗ ಅಲ್ಲಿ ಸೋಮಾರಿತನದಿಂದ ಬರೆದ ಒಂದು ವಾಕ್ಯ ಅರ್ಜಿಯ ದಾರಿ ತಪ್ಪಿಸಬಹುದು.

ಅರ್ಧ ದಾರಿಯ ಅರ್ಜಿಗೆ ಇಲ್ಲಿ ಹೊಸದೊಂದು ತೊಡಕು ಇದೆ, ಇದರ ಬಗ್ಗೆ ಸಾಕಷ್ಟು ಮಾತಾಡುತ್ತಿಲ್ಲ ಅನಿಸುತ್ತದೆ. ವರ್ಷನ್ 1ರ ಕೇಸ್ ವರ್ಷನ್ 1ರಲ್ಲೇ ಇರುತ್ತದೆ ಅನ್ನುವುದು ಡಬ್ಬಿ, ಬಾಣಗಳಿಗೆ ಸರಿ. ಅಂಗಳದೊಳಗಿನ ಏಜೆಂಟ್ ಯೋಚಿಸುವುದು ಹೊರಗಿನ ಭಾಷಾ ಮಾಡೆಲ್ ಒಂದರ ತಲೆಯಿಂದ. ಆ ಮಾಡೆಲ್ ಕೊಡುವ ಕಂಪನಿ ಮಾಡೆಲನ್ನು ಬದಲಿಸಿದರೆ, ನಿಮ್ಮ ಚಿತ್ರ ಒಂದು ಗೆರೆಯೂ ಬದಲಾಗದೆ ನಿಮ್ಮ ಪ್ರೊಸೆಸ್ ಬದಲಾಗಿರುತ್ತದೆ. ಕೋಷ್ಟಕದ ತೂತಿನದೇ ಕಥೆ ಇದು, ಈ ಸಲ ತೂತು ನಿಮ್ಮ ಸರ್ವರ್‌ನಲ್ಲೂ ಇಲ್ಲ. ಮಾಡೆಲ್‌ನ ನಿರ್ದಿಷ್ಟ ವರ್ಷನ್ ಹೆಸರು ಬರೆದು ಕಟ್ಟಿಹಾಕಿ, ಏಜೆಂಟ್ ಯಾವಾಗ ಯಾವ ಡಬ್ಬಿ ಆರಿಸಿತು ಅನ್ನುವುದನ್ನು ಕೇಸ್‌ನ ಜೊತೆಗೇ ಉಳಿಸಿ. ಕಟ್ಟಿಹಾಕಿದ ಮಾಡೆಲನ್ನೂ ಕಂಪನಿ ಒಂದು ದಿನ ನಿಲ್ಲಿಸುತ್ತದೆ, ಆ ದಿನಾಂಕ ಕ್ಯಾಲೆಂಡರ್‌ನಲ್ಲಿ ಇರಲಿ.

ಲೈಸೆನ್ಸ್ ಕೂಡ ಒಂದು ಫೀಚರ್ರೇ, ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೇ. 2024ರ ಅಕ್ಟೋಬರ್‌ನ 8.6ರಿಂದ ಕಮುಂಡಾ 8ನ್ನು ಸ್ವಂತ ಸರ್ವರ್‌ನಲ್ಲಿ ನಿಜವಾದ ಕೆಲಸಕ್ಕೆ ಓಡಿಸಲು ದುಡ್ಡು ಕೊಟ್ಟ ಲೈಸೆನ್ಸ್ ಬೇಕು. 7ರ ಉಚಿತ ಆವೃತ್ತಿ 2025ರ ಅಕ್ಟೋಬರ್‌ಗೆ, 7.24ರೊಂದಿಗೆ ನಿಂತಿತು. ಕೋಡ್ ಮುಕ್ತವಾಗಿದ್ದರಿಂದ ಆಪರೇಟಾನ್, ಸಿಐಬಿ ಸೆವೆನ್ ಅನ್ನುವ ಕವಲುಗಳು ಅದನ್ನು ಮುಂದುವರಿಸುತ್ತಿವೆ. ಓಡುತ್ತಿರುವ ಕೇಸ್ ಮುಗಿಯುವ ತನಕ ಎಂಜಿನ್‌ಗೆ ಸೆಕ್ಯುರಿಟಿ ತಿದ್ದುಪಡಿ ಯಾರು ಕೊಡುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲದೆ ಯಾವ ಕಡೆಗೂ ಹೆಜ್ಜೆ ಇಡಬೇಡಿ.

ಅಪ್‌ಡೇಟ್‌ಗೆ ಕೈ ಹಾಕುವ ಮೊದಲು ನಾನು ಮಾಡುವುದು ಇಷ್ಟು. ಲೈವ್ ಡೇಟಾಬೇಸ್‌ನ ನಕಲು ತೆಗೆದು, ಹೆಸರು, ಫೋನ್ ನಂಬರ್ ಎಲ್ಲ ಅಳಿಸಿ, ಮೇಲ್ ಸರ್ವರ್‌ನ ಸಂಪರ್ಕ ಕಿತ್ತು, ಬೇರೆ ಕಡೆ ಹಾಕುತ್ತೇನೆ. ಮೇಲ್ ಕೀಳುವುದನ್ನು ಮರೆತರೆ ನಕಲಿನ ಗಡಿಯಾರಗಳೂ ಹೊಡೆಯುತ್ತವೆ, ನಿಜವಾದ ಜನರಿಗೆ ಮೇಲ್ ಹೋಗುತ್ತದೆ. ಕಮುಂಡಾ 7 ಆದರೆ 7.21ರಿಂದ 7.22, ಅಲ್ಲಿಂದ 7.23, ಹೀಗೆ ಡೇಟಾಬೇಸನ್ನು ಒಂದೊಂದೇ ಮೆಟ್ಟಿಲು ಹತ್ತಿಸಬೇಕು, ಹಾರಬಾರದು. ಆಮೇಲೆ ಯಾವ ಪ್ರೊಸೆಸ್‌ನ, ಯಾವ ವರ್ಷನ್‌ನ, ಯಾವ ಡಬ್ಬಿಯಲ್ಲಿ ಎಷ್ಟು ಕಾಯಿ ಇವೆ ಅಂತ ಒಂದು ಪಟ್ಟಿ. ಅಪ್‌ಡೇಟ್‌ಗೆ ಮುಂಚೆ ಒಂದು, ಆದ ಮೇಲೆ ಒಂದು, ಎರಡನ್ನೂ ಪಕ್ಕಪಕ್ಕ ಇಡುವುದು.

ಅದೇ ಪಟ್ಟಿಯನ್ನು ಶುರುವಾದ ದಿನಾಂಕದ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಹಳೆಯ ಹತ್ತು ಕೇಸ್ ತೆರೆದು ನೋಡಿ. ಯಾವಾಗಲೂ ಒಂದಾದರೂ ಬರಲಾರದ ಮೆಸೇಜ್‌ಗೆ ಕಾಯುತ್ತಾ ಕೂತಿರುತ್ತದೆ. ನಾನು ನೋಡಿದ ಒಂದರಲ್ಲಿ ಅರ್ಜಿ ಸಂಖ್ಯೆಯ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಮೆಸೇಜ್ ಬಂದಿತ್ತು, ಸಂಖ್ಯೆ ಹೊಂದಲಿಲ್ಲ, ಹೋಯಿತು. ಎಂಜಿನ್‌ಗೆ ಅದು ತಪ್ಪು ಅಂತ ಅನಿಸಿಯೇ ಇಲ್ಲ, ಒಂದು ವರ್ಷಕ್ಕೂ ಮೇಲೆ ಸುಮ್ನೆ ಕಾಯುತ್ತಲೇ ಇತ್ತು. ಇಂಥದ್ದನ್ನು ಮೈಗ್ರೇಟ್ ಮಾಡಬೇಕೋ ರದ್ದು ಮಾಡಬೇಕೋ ಅಂತ ನಾವು ತಂತ್ರಜ್ಞರು ತೀರ್ಮಾನಿಸುವ ಹಾಗಿಲ್ಲ. ಅರ್ಜಿ ಸಂಖ್ಯೆ ಬರೆದುಕೊಂಡು, ಆ ಪ್ರೊಸೆಸ್ ಯಾರ ಹೊಣೆಯೋ ಅವರಿಗೆ ಫೋನ್ ಮಾಡಬೇಕು.